ಮುಂದಿನ ಶಾಫ್ಟಿಗೆ ಸುತ್ತಿದ್ದು

ಅಂಗಾಲಿಗೆ ಬರುತ್ತಿದೆ, ಬಂದೇ ಬಂತು, ಸ್ಪೀಡು ನಲವತ್ತು ದಾಟುತ್ತಿದ್ದ ಹಾಗೆ ತಳದ ತಗಡಿನಿಂದೆದ್ದು ಮೊಣಕಾಲಿಗೆ ಹತ್ತಿ ಸ್ಟೇರಿಂಗು ಹಿಡಿದ ಬೆರಳ ತುದಿಯವರೆಗೂ ಗುಂಯ್‌ಗುಡುವ ಈ ನಡುಕ, ಐವತ್ತಕ್ಕೆ ಇನ್ನೂ ಜಾಸ್ತಿ, ಡ್ಯಾಶ್‌ಬೋರ್ಡಿನ ಮೇಲಿನ ಬೀಡಿಕಟ್ಟು ಕುಣಿಯುತ್ತಿದೆ — ಚಕ್ರದ್ದಲ್ಲ, ಚಕ್ರದ್ದಾಗಿದ್ದರೆ ಸ್ಟೇರಿಂಗು ಅತ್ತಿತ್ತ ಒದರಬೇಕಿತ್ತು, ಇದು ನಡುವಿನಿಂದ, ಮುಂದಿನ ಡಿಫರೆನ್ಷಿಯಲ್ಲಿನ ಮಗ್ಗುಲಿನಿಂದ ಬರುತ್ತಿರುವುದು ಎಂದುಕೊಂಡು ರಂಗರಾಜು ಬೇಗೂರಿನ ಬಸ್‌ಸ್ಟ್ಯಾಂಡಿನ ಬಳಿ ಪಿಕಪ್ಪನ್ನು ತಿರುಗಿಸಿ ಮತ್ತೆ ಗುಂಡ್ಲುಪೇಟೆಯ ಕಡೆ ಬಿಟ್ಟ, ಅವ್ವ ಕಾಣೆಯಾಗಿ ವಾರದ ಮೇಲಾಯಿತು, ಅಂಥಾದ್ದರಲ್ಲಿ ಗ್ಯಾರೇಜು ತೆಗೆದು ಗಾಡಿ ಓಡಿಸಿ ನೋಡುತ್ತಿದ್ದೀಯಲ್ಲ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು, ಕೈ ಸುಮ್ಮನಿದ್ದರೆ ತಲೆ ಕಾಡಿಗೆ ಹೋಗುತ್ತದೆ, ಪುಣಜನೂರಿನ ಕಾಡಿಗೆ, ಅಲ್ಲಿ ಯಾವ ಲಂಟಾನದ ಪೊದೆಯ ಹಿಂದೆ ಏನು ಬಿದ್ದಿದೆಯೋ — ಬೇಡ, ಗಾಡಿ ನೋಡು, ಗಾಡಿ ನೋಡು, ಇದು ಬೇರೆ ಯಾರದೋ ಗಾಡಿಯೂ ಅಲ್ಲ, ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ಚಂದ್ರಕುಮಾರ ಓಡಿಸುವ ಫೋರ್ ವೀಲ್ ಗಾಡಿ, ಚಂದ್ರ ಎಂದರೆ ಹೆಂಡತಿ ಭಾಗ್ಯಳ ಒಬ್ಬನೇ ತಮ್ಮ, ಅವ್ವ ಸಿಗಲಿಲ್ಲವೆಂದು ತಿಳಿದ ದಿನದಿಂದ ಇದೇ ಪಿಕಪ್ಪು ತಂದು, ಓನರಿಗೆ ಏನೇನೋ ಹೇಳಿ ತಂದು, ಭಾವ ಹತ್ತಿ ಭಾವ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಆನೆ ನಡೆವ ದಾರಿಯಲ್ಲೆಲ್ಲ ಫೋರ್ ವೀಲ್ ಗೇರು ಹಾಕಿಕೊಂಡು ಸುತ್ತಿಸಿದವನು, ಹಳ್ಳದ ದಡದಲ್ಲಿ ನಿಂತು ಅತ್ತೇ ಅತ್ತೇ ಎಂದು ಕೂಗಿದ, ಹೆತ್ತ ಮಗ ತಾನು, ತನ್ನ ಕೂಗಿಗಿಂತ ಜೋರಾಗಿತ್ತು ಅವನ ಕೂಗು, ಆ ಸುತ್ತಾಟದಲ್ಲೇ ರಂಗರಾಜುವಿನ ಅಂಗಾಲಿಗೆ ಈ ನಡುಕ ಮೊದಲು ಸಿಕ್ಕಿದ್ದು, ಮುಂದಿನ ಶಾಫ್ಟಿಂದು ಕಣ್ಲಾ ಇದು, ಇಂಗೇ ಬುಟ್ರೆ ಕ್ರೌನು ಪಿನಿಯನ್ನಿನ ಹಲ್ಲೆಲ್ಲ ತಿಂದಾಕ್ಬುಡ್ತದ, ನಮ್ಮ ಶೆಡ್ಗೆ ತಂದು ಬುಡು ಎಂದಿದ್ದ, ಇರ್ಲಿ ಬುಡಿ ಭಾವ, ಕ್ವಾರಿ ರೋಡು, ಎಲ್ಲಾ ಗಾಡಿನೂ ನಡುಗ್ತವೆ ಎಂದಿದ್ದ ಚಂದ್ರ, ಇವತ್ತು ಬೆಳಿಗ್ಗೆ ಒತ್ತಾಯಕ್ಕೆ ತಂದ, ನನಗಾಗಿ ಇಷ್ಟು ಅಲೆದವನಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ.

ಶೆಡ್ಡಿನಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಕ್ಕೆ ಜಾಕು ಏರಿಸಿ, ಮರದ ದಿಮ್ಮಿ ಇಟ್ಟು, ಗೋಣಿತಾಟು ಹಾಸಿ ರಂಗರಾಜು ಅಂಗಾತ ಮಲಗಿ ಒಳಗೆ ಜಾರಿದ, ಚಂದ್ರ ಟೀ ಹೇಳಿ ಬರುತ್ತೇನೆಂದು ಎದುರಿನ ಹೋಟೆಲಿಗೆ ಹೋದ, ಚಕ್ರ ಹಿಡಿದು ಅಲುಗಿಸಿದರೆ ಬೇರಿಂಗು ಗಟ್ಟಿ, ಎಂಜಿನ್ನಿನ ರಬ್ಬರು ಸರಿ, ಹಾಗಾದರೆ ಶಾಫ್ಟೇ, ಈ ಗಾಡಿಯಲ್ಲಿ ಫೋರ್ ವೀಲ್ ಗೇರು ಹಾಕದಿದ್ದರೂ ಮುಂದಿನ ಚಕ್ರ ಉರುಳಿದಷ್ಟೂ ಈ ಶಾಫ್ಟು ತಿರುಗುತ್ತಲೇ ಇರುತ್ತದೆ, ಡಿಫರೆನ್ಷಿಯಲ್ಲಿಗೆ ಸೇರುವ ಕಡೆ ನೋಡಿದರೆ ಮುಷ್ಟಿಗಾತ್ರದ ಮಣ್ಣುಂಡೆ, ಗ್ರೀಸು, ಸೀಲು ಹರಿದು ಎಣ್ಣೆ ಜಿನುಗಿದೆ — ಸಿಕ್ತು, ಇದೇ, ಏನೋ ಸುತ್ತಿಕೊಂಡು ಒಂದು ಮಗ್ಗುಲು ಭಾರವಾಗಿದೆ, ಹುಲ್ಲಿನ ಹಗ್ಗವೋ ಗೋಣಿಯೋ, ಇಂಥವು ಎಷ್ಟು ತೆಗೆದಿಲ್ಲ, ಒಮ್ಮೆ ಅರಿಶಿನದ ಹೊಲದಿಂದ ಬಂದ ಜೀಪಿನಲ್ಲಿ ಇಡೀ ಒಂದು ಪಂಚೆಯೇ ಇತ್ತು, ಅವತ್ತು ಅವ್ವ ಬುತ್ತಿ ತಂದವಳು ಬಾಗಿಲಲ್ಲೇ ಕೂತು ನಕ್ಕಿದ್ದಳು, ಪಂಚೆ ಇಲ್ಲದ ಆ ಗಂಡಸು ಊರಿಗೆ ಹೆಂಗೋದ್ನೋ ಎಂದು — ಸ್ಕ್ರೂಡ್ರೈವರಿನಿಂದ ಕೆರೆದ, ಮಣ್ಣು ಎದೆಯ ಮೇಲೆ ಉದುರಿತು, ನಾಲ್ಕು ಬೋಲ್ಟು ಬಿಚ್ಚಿ ಶಾಫ್ಟು ಇಳಿಸಿ ಹ್ಯಾಕ್ಸಾ ಬ್ಲೇಡಿನಿಂದ ಕುಯ್ದರೆ ಬಟ್ಟೆ, ಹಗ್ಗದಂತೆ ಹೊಸೆದುಕೊಂಡ ಬಟ್ಟೆ, ಮಲಗಿದಲ್ಲೇ ಮಗ್ಗುಲಿನ ಸೀಮೆಎಣ್ಣೆಯ ಡಬ್ಬಿಗೆ ಅದ್ದಿ ಹಿಂಡಿದ, ಬಣ್ಣ ಎದ್ದಿತು, ಗಿಳಿಹಸಿರು, ಇನ್ನೊಮ್ಮೆ ಅದ್ದಿದ, ಅಂಚು ಎದ್ದಿತು, ಅಂಚಿನಲ್ಲಿ ಕೆಂಪು ದಾರದ ಹೊಲಿಗೆ, ಕಡಲೆಕಾಳಿನಷ್ಟು, ವೆಲ್ಡಿಂಗಿನ ಕಿಡಿ ಹಾರಿ ಸೀರೆ ಸುಟ್ಟಾಗ, ಹಸಿರು ದಾರ ಇಲ್ಲ ಅತ್ತೆ ಎಂದು ಭಾಗ್ಯ ಕೆಂಪು ದಾರದಲ್ಲೇ ಹೊಲಿದದ್ದು, ಇರ್ಲಿ ಬುಡು ಕಣಮ್ಮಿ, ಗುರ್ತಾಯ್ತದ ಎಂದು ಅವ್ವ ನಕ್ಕದ್ದು — ಇಲ್ಲ, ಗಿಳಿಹಸಿರು ಸೀರೆ ಊರಲ್ಲಿ ಎಷ್ಟಿಲ್ಲ, ಕೆಂಪು ದಾರ ಯಾರ ಮನೆಯಲ್ಲಿಲ್ಲ, ಆದರೆ ಕೊನೆಗೆ ಗಂಟು ಹಾಕದೆ ಎರಡು ಸಲ ಹಿಂದಕ್ಕೆ ಎಳೆದು ಬಿಡುವುದು ಭಾಗ್ಯಳ ಹೊಲಿಗೆ, ತನ್ನ ಅಂಗಿಯ ಗುಂಡಿಯೂ ಹಾಗೇ ಇದೆ, ರಂಗರಾಜು ಗುಂಡಿ ಮುಟ್ಟಿ ನೋಡಿಕೊಂಡ, ಅದೇ, ಅವ್ವ ಈ ಸೀರೆಯುಟ್ಟು ಪುಣಜನೂರಿಗೆ ತಂಗಿ ಸುಂದ್ರಮ್ಮನನ್ನು ನೋಡಲು ಹೊರಟವಳು, ಮುಸ್ಸಂಜೆಯಲ್ಲಿ ರೋಡಿನ ತಿರುವಿನಲ್ಲಿ ಇಳಿದಳು ಎಂದು ಕಂಡಕ್ಟರ್ ಹೇಳಿದ್ದ, ಚಿಕ್ಕವ್ವನ ಹಟ್ಟಿಗೆ ಬಂದಿರಲಿಲ್ಲ, ಆನೆ ಎಂದಿದ್ದರು ಎಲ್ಲ, ಆನೆಯೇ ಇರಬೇಕು ಎಂದಿದ್ದ ಚಂದ್ರ, ಆನೆ ಎಂದಿದ್ದ, ಅವ್ವ ಕಾಡಿನಲ್ಲಿರಲಿಲ್ಲ, ಹುಡುಕಿದಷ್ಟು ದಿನವೂ ತನ್ನ ಕಾಲಡಿಯ ತಗಡಿನ ಕೆಳಗೆ ಅವ್ವನ ಸೀರೆ ಗರಗರ ತಿರುಗುತ್ತಿತ್ತು, ತಾನು ಮೇಲೆ ಕೂತು ಕಿಟಕಿಯಿಂದ ಅವ್ವಾ ಎಂದು ಕೂಗುತ್ತಿದ್ದ.

ಸಿಕ್ತಾ ಭಾವ ಎಂದ ಚಂದ್ರ, ಗಾಡಿಯ ಆಚೆಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು, ಸಿಕ್ತು ಕಣ್ಲಾ ಎಂದ ರಂಗರಾಜು, ತನ್ನ ದನಿಯೇ, ಆದರೆ ಯಾರೋ ಪಕ್ಕದ ಅಂಗಡಿಯಲ್ಲಿ ಮಾತಾಡಿದ ಹಾಗೆ, ಹೊರಗೆ ಜಾರಿ ಎದ್ದು ನಿಂತು ಹರವಿದ ಅಂಚನ್ನು ಎರಡೂ ಕೈಯಲ್ಲಿ ಹಿಡಿದ, ಚಂದ್ರ ಎರಡು ಟೀ ಲೋಟ ಹಿಡಿದಿದ್ದ, ಲೋಟ ಬೀಳಲಿಲ್ಲ, ಬೀಳಬೇಕಿತ್ತು, ಅವನು ಎರಡನ್ನೂ ಮೆಲ್ಲಗೆ ಬೆಂಚಿನ ಮೇಲಿಟ್ಟ, ಹಾಗೆ ಇಟ್ಟಾಗಲೇ ರಂಗರಾಜುವಿಗೆ ಎಲ್ಲ ಗೊತ್ತಾಯಿತು, ಹೊಡೆಯಬೇಕು, ಸ್ಪ್ಯಾನರು ಕೈಗೆಟುಕುವಲ್ಲೇ ಇದೆ, ಕೈ ಏಳುತ್ತಿಲ್ಲ, ಎದುರು ಲಾರಿ ಲೈಟು ಕಣ್ಗೊಡೀತು ಭಾವ, ಚಂದ್ರ ಹೇಳುತ್ತಿದ್ದಾನೆ, ತಿರುವ್ನಲ್ಲಿ ಕಾಣ್ನಿಲ್ಲ, ಸದ್ದಾಯ್ತು, ಕಾಡಂದಿ ಅನ್ಕಂಡೆ, ಇಳ್ದು ನೋಡುದ್ರೆ ಅತ್ತೆ, ನಮ್ಮತ್ತೆ ಭಾವ, ಹೆಗಲಿಗೆ ಕೈ ಹಾಕಿ ಬುದ್ಧಿ ಹೇಳುತ್ತಿದ್ದಳು ಅವ್ವ ಇವನಿಗೆ, ಕುಡೀಬ್ಯಾಡ ಕಣಪ್ಪಾ ಎಂದು, ಕುಡಿದಿದ್ದೇನ್ಲಾ ಎಂದ ರಂಗರಾಜು, ಇಲ್ಲ ಭಾವ, ನಿಮ್ಮಾಣೆ ಇಲ್ಲ — ಕೇಳಬೇಡ, ಇನ್ನೊಂದನ್ನು ಕೇಳಬೇಡ, ಕೇಳಿದರೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಬಾಯಿ ಕೇಳಿಬಿಟ್ಟಿತು, ಉಸ್ರಿತ್ತೇನ್ಲಾ, ಚಂದ್ರ ಕೆಳಗೆ ನೋಡಿದ, ಟೀಯ ಮೇಲೆ ಕೆನೆ ಕಟ್ಟುತ್ತಿತ್ತು, ಮೊದ್ಲು ಇತ್ತು ಭಾವ ಎಂದ, ಮೊದ್ಲು ಇತ್ತು, ಆಸ್ಪತ್ರೆ ಎಷ್ಟು ದೂರ, ಗಾಡಿ ಕೈಯಲ್ಲೇ ಇತ್ತು, ಮೊದ್ಲು ಇತ್ತು, ಎದುರ್ಕಂಡ್ಬುಟ್ಟೆ ಭಾವ, ಅಕ್ಕನ್ಗೆ ಮೊಕ ಎಂಗ್ ತೋರ್ಸ್ಲಿ ಅಂತ ಎದುರ್ಕಂಡೆ, ಆಮೇಲ್ ನೋಡುದ್ರೆ ಇರ್ನಿಲ್ಲ, ಎಲ್ಲಿಟ್ಟಿದ್ದೀಯೋ ನಮ್ಮವ್ವನ್ನ, ಹಳೇ ಕ್ವಾರಿಲಿ ಎಂದು ಅವನು ನೆಲಕ್ಕೆ ಕುಕ್ಕರಿಸಿದ.

ಶಾಫ್ಟು ಶೆಡ್ಡಿನ ನೆಲದಲ್ಲೇ ಉಳಿಯಿತು, ಹಿಂದಿನ ಚಕ್ರದ ಬಲದಲ್ಲೇ ಗಾಡಿ ಹೊರಟಿತು, ರಂಗರಾಜುವೇ ಓಡಿಸಿದ, ಪಕ್ಕದಲ್ಲಿ ಚಂದ್ರ, ಮೊನ್ನೆಯವರೆಗೂ ತಾನು ಕೂತಿದ್ದ ಜಾಗದಲ್ಲಿ, ಮನೆಯ ಮುಂದೆಯೇ ಹಾಯಬೇಕು ಚಾಮರಾಜನಗರದ ರೋಡಿಗೆ, ಬೇರೆ ದಾರಿಯಿಲ್ಲ, ಭಾಗ್ಯ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದವಳು ಗಾಡಿ ಕಂಡು ಎದ್ದಳು, ಲೇ ಚಂದ್ರ, ಭಾವನ್ನೂ ಕರ್ಕ ಬಾ, ಮುದ್ದೆ ಆಗದ, ಉಣ್ಕಂಡ್ ಓಗಿ, ಬತ್ತೀವಿ ಎಂದ ರಂಗರಾಜು, ಬತ್ತೀವಿ ಅಂದೆನಲ್ಲ, ಇಬ್ಬರೂ ಬರುವ ಹಾಗೆ, ಅತ್ತೆ ಹೋದಳು ಎನ್ನಲೋ, ತಮ್ಮ ಹೋದ ಎನ್ನಲೋ, ಯಾವುದನ್ನು ಮೊದಲು ಹೇಳಿದರೆ ಇನ್ನೊಂದು ಕಡಿಮೆ ನೋಯುತ್ತದೆ, ತೆರಕಣಾಂಬಿ ದಾಟಿತು, ನಲವತ್ತು, ಐವತ್ತು, ಅರವತ್ತು, ನಡುಕ ಇಲ್ಲ, ಅಂಗಾಲಿನಲ್ಲಿ ಏನೂ ಇಲ್ಲ, ಗಾಡಿ ನೀರಿನ ಮೇಲೆ ತೇಲಿದಂತೆ ಹೋಗುತ್ತಿದೆ, ರಿಪೇರಿ ಚೆನ್ನಾಗಿ ಆಗಿದೆ, ಇಂಥ ರಿಪೇರಿಗೆ ಬೆಂಕಿ ಬೀಳ, ನಡುಗಬಾರದೆ ಒಂದು ಚೂರು, ಚಾಮರಾಜನಗರದ ಪೊಲೀಸ್ ಠಾಣೆಯ ಮುಂದೆ ಗಾಡಿ ನಿಲ್ಲಿಸಿದಾಗ ಚಂದ್ರನೇ ಇಳಿದ, ಎಳೆಯಬೇಕಾಗಲಿಲ್ಲ, ಒಳಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿದ, ಸಾಹೇಬರು ಜೀಪು ಹೊರಡಿಸಿದರು, ರಂಗರಾಜುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು, ಒಬ್ಬ ಪೇದೆ ನೀರು ಕೊಟ್ಟ, ಕುಡಿದನೋ ಇಲ್ಲವೋ, ಮಧ್ಯಾಹ್ನದ ಬಿಸಿಲಿನಲ್ಲಿ ಕರಿಕಲ್ಲು ಕಣ್ಣಿಗೆ ಹೊಳೆಯುತ್ತಿತ್ತು, ಯಾರೂ ಕೆಲಸ ಮಾಡದ ಹಳೆಯ ಗುಂಡಿ, ತಳದಲ್ಲಿ ಹಸಿರು ನೀರು, ಅಗೋ ಅಲ್ಲಿ ಎಂದು ಚಂದ್ರ ಗಲ್ಲ ಎತ್ತಿ ತೋರಿಸಿದ, ಒಡೆದ ಕಲ್ಲುಗಳ ಉದ್ದನೆಯ ಗುಡ್ಡೆ, ನೀನು ಇಲ್ಲೇ ಇರಪ್ಪ ಎಂದರು ಸಾಹೇಬರು, ರಂಗರಾಜು ಕೇಳದೆ ಹೋದ, ಕಲ್ಲು ಎತ್ತಬೇಕು, ತಾನೇ ಎತ್ತಬೇಕು ಎಂದು ಬಗ್ಗಿದವನು ಬಗ್ಗಿದ ಹಾಗೇ ನಿಂತ, ಗುಡ್ಡೆಯ ಕೊನೆಯಲ್ಲಿ, ಕಾಲಿರುವ ಕಡೆಯಲ್ಲಿ, ಅವ್ವನ ಟೈರಿನ ಚಪ್ಪಲಿ, ಎಸೆದದ್ದಲ್ಲ, ಬಿದ್ದದ್ದಲ್ಲ, ಮಣ್ಣು ಒರೆಸಿ ಜೋಡಿಯಾಗಿ ಇಟ್ಟದ್ದು, ತುದಿ ಹೊರಕ್ಕೆ ಮಾಡಿ, ನೆಂಟರ ಮನೆಗೆ ಬಂದವರು ಎದ್ದು ಹೊರಡುವಾಗ ಕಾಲಿಗೆ ಸಿಗಲೆಂದು ಬಾಗಿಲಲ್ಲಿ ತಿರುಗಿಸಿ ಇಡುತ್ತಾರಲ್ಲ ಹಾಗೆ, ಪೇದೆಗಳು ಕಲ್ಲು ತೆಗೆಯುತ್ತಿದ್ದಾರೆ, ಕಲ್ಲಿಗೆ ಕಲ್ಲು ತಾಗಿದ ಸದ್ದು, ಹಿಂದಿನಿಂದ ಚಂದ್ರನ ಅಳು, ಭಾಗ್ಯ ಕಾಯುತ್ತಿರುತ್ತಾಳೆ, ಸುಂದ್ರಮ್ಮ ಚಿಕ್ಕವ್ವನಿಗೆ ಹೇಳಬೇಕು, ಚಪ್ಪಲಿ, ಬಗ್ಗಿದ್ದು ಸಾಕು, ಏಳು ರಂಗ, ಏಳು, ಚಂದ್ರ ಓಡಿಹೋಗುವ ಮುಂಚೆ ಕೂತು ಒರೆಸಿದ್ದಾನೆ, ಚಪ್ಪಲಿ, ಜೋಡಿಯಾಗಿ, ತುದಿ ಹೊರಕ್ಕೆ —