ಮಿಸೆಸ್ ಫಂಗ್ ಕೊಟ್ಟ ಕಿತ್ತಳೆ ಸಿಪ್ಪೆ

ಶಕುಂತಲಾಬಾಯಿಯವರಿಗೆ ಕೆಮ್ಮು ಹತ್ತಿ ಮೂರು ವಾರವಾಗಿತ್ತು. ಪಕ್ಕದ ಮನೆಯ ಮಿಸೆಸ್ ಫಂಗ್ ಬೇಲಿಯಾಚೆಯಿಂದ ಅದನ್ನು ಕೇಳಿ ಕೇಳಿ, ಶನಿವಾರ ಬೆಳಿಗ್ಗೆ ಒಂದು ಗಾಜಿನ ಜಾಡಿ ಹಿಡಿದು ಬಂದರು. ಒಳಗೆ ಒಣಗಿ ಕಪ್ಪಿಟ್ಟ ಸಿಪ್ಪೆಗಳು.

“ಇದು ಚೆನ್‌ಪಿ, ಕಿತ್ತಳೆ ಸಿಪ್ಪೆ. ಕಫಕ್ಕೆ ನಾವು ಚೀನಾದವರು ಇದನ್ನೇ ಕುದಿಸಿ ಕುಡಿಯೋದು,” ಎಂದು ಇಂಗ್ಲಿಷಿನಲ್ಲಿ ಹೇಳಿದರು. “ಹಳೇದಾದಷ್ಟೂ ಒಳ್ಳೇದು. ನನ್ನ ಮಗಳು ಹುಟ್ಟಿದ ವರ್ಷ ನಮ್ಮಮ್ಮ ಒಣಗಿಸಿಟ್ಟಿದ್ದು.” ಮಗಳಿಗೆ ಈಗ ಇಪ್ಪತ್ತೆರಡು. ಸಿಪ್ಪೆ ಒಣಗಿಸಿಟ್ಟ ಆ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು.

ಸೊಸೆ ಸುಚೇತಾ ಎರಡು ಚೂರು ಕುದಿಸಿ, ಸೋಸಿ ಕೊಟ್ಟಳು. ಅತ್ತೆ ಕುಡಿದು, ವಾಸನೆ ಚಲೋ ಅದ ಅಂದರು.

ಅರ್ಧ ಗಂಟೆಯೂ ಆಗಿರಲಿಲ್ಲ.

“ಸುಚೇತಾ, ಇಲ್ಲಿ ಬಾ. ಎದ್ಯಾಗ ಡವಡವ ಅನ್ಲಿಕ್ಕತ್ತದ.”

ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಹಣೆಯ ಮೇಲೆ ಬೆವರು. ಅವರಿಗೆ ಮೊದಲಿಂದಲೂ ಬಿ.ಪಿ. ಇತ್ತು. ಸುಚೇತಾ ತೋಳಿಗೆ ಬಿ.ಪಿ. ಅಳೆಯುವ ಪಟ್ಟಿ ಕಟ್ಟಿದಳು. ಇನ್ನೂರ ನಾಲ್ಕು ತೋರಿಸಿತು. ಬಿಚ್ಚಿ ಮತ್ತೆ ಕಟ್ಟಿದಳು. ಇನ್ನೂರ ಒಂಬತ್ತು.

“ತಲಿ ಸಿಡೀತದವಾ...”

“ಏನೂ ಆಗಂಗಿಲ್ಲರೀ ಅತ್ತೀ, ಕೂತೇ ಇರ್ರಿ,” ಎಂದಳು ಸುಚೇತಾ. ಚೀಟಿಯಿಲ್ಲದ ಜಾಡಿ, ಏನೇನು ಬೆರೆತಿದೆಯೋ ಗೊತ್ತಿಲ್ಲದ ಸಿಪ್ಪೆ. ತಾನೇ ಕೈಯಾರೆ ಕುಡಿಸಿದ್ದು. ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದಳು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ, ಇನ್ನೊಂದು ಚೂರೂ ಯಾರ ಬಾಯಿಗೂ ಹೋಗಬಾರದೆಂಬ ಭಯಕ್ಕೆ, ಇಡೀ ಜಾಡಿಯನ್ನು ಅಡುಗೆಮನೆಯ ಸಿಂಕಿಗೆ ಸುರಿದು ಕಸ ಅರೆಯುವ ಮೋಟಾರಿನ ಸ್ವಿಚ್ ಒತ್ತಿದಳು.

ಆಸ್ಪತ್ರೆಯಲ್ಲಿ ಸುಚೇತಾ ಸಿಪ್ಪೆಯ ವಿಷಯ ಹೇಳಿದ ಮೇಲೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: “ಆ ಜಾಡಿ ತಂದಿದ್ದೀರಾ?”

“ಇಲ್ಲ. ಸಿಂಕಿಗೆ ಸುರಿದುಬಿಟ್ಟೆ.”

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. “ಸಿಪ್ಪೆಯ ಜೊತೆ ಬೇರೆ ಯಾವುದಾದರೂ ಬೇರು, ಎಲೆ ಸೇರಿತ್ತಾ ಅಂತ ನೋಡಬಹುದಿತ್ತು.”

ಪರದೆಯ ಆಚೆ ಅತ್ತೆ ನರಳುತ್ತಿದ್ದರು. ಗಂಡ ವಿಶ್ವಾಸ್ ಗೆಳೆಯನ ಗೃಹಪ್ರವೇಶಕ್ಕೆಂದು ನಸುಕಿನಲ್ಲೇ ಆಸ್ಟಿನ್‌ಗೆ ಹೋಗಿದ್ದ. ಅವನ ಫೋನ್ ರಿಂಗಾಗುತ್ತಲೇ ಇತ್ತು. ಸುಚೇತಾ ಮಿಸೆಸ್ ಫಂಗ್‌ಗೆ ಫೋನ್ ಮಾಡಿದಳು.

“ಜಾಡಿಯಲ್ಲಿ ಇನ್ನೇನಿತ್ತು? ನಿಜ ಹೇಳಿ! ನಮ್ಮತ್ತೆ ಸಾಯ್ತಿದಾರೆ!”

“ಬರ್ತೀನಿ,” ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು.

ಮನೆಯ ಚಪ್ಪಲಿಯಲ್ಲೇ ಓಡಿಬಂದ ಮಿಸೆಸ್ ಫಂಗ್ ಡಾಕ್ಟರ ಮುಂದೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಮೂರು ಸಿಪ್ಪೆ. “ನನ್ನ ಹತ್ತಿರ ಉಳಿದಿದ್ದು ಇಷ್ಟೇ. ಸಿಪ್ಪೆ ಬಿಟ್ಟು ಬೇರೇನೂ ಇಲ್ಲ. ಬೇಕಾದರೆ ಈಗಲೇ ತಿಂತೀನಿ.”

ಅಷ್ಟರಲ್ಲಿ ವಿಶ್ವಾಸ್‌ನ ಫೋನ್ ಬಂತು. ಸುಚೇತಾ ಅಳುತ್ತಲೇ ಎಲ್ಲ ಹೇಳಿದಳು.

“ಮೂಗು ಕಟ್ಟೇದ ಅಂದ್ಲು ಅವ್ವ,” ಎಂದ ಅವನು ನಿಧಾನವಾಗಿ. “ಹೊರಡೂ ಮುಂದ ನನ್ನ ನೆಗಡಿ ಗುಳಿಗಿ ಎರಡು ಕೊಟ್ಟಿದ್ದೆ.”

ಎಂಟು ಗಂಟೆಗೆ ಅದೇ ಡಬ್ಬಿಯಿಂದ ಸುಚೇತಾಳೂ ಎರಡು ಕೊಟ್ಟಿದ್ದಳು.

ಡಾಕ್ಟರ್ ಮಾತ್ರೆಯ ಹೆಸರು ಕೇಳಿ ತಲೆಯಾಡಿಸಿದರು. ಕಟ್ಟಿದ ಮೂಗು ಬಿಡಿಸುವ ಆ ಔಷಧಿ ರಕ್ತದೊತ್ತಡ ಏರಿಸುತ್ತದೆ. ಬಿ.ಪಿ. ಇರುವವರಿಗೆ ಅದನ್ನು ಕೇಳದೆ ಒಮ್ಮೆಯೂ ಕೊಡಬಾರದು.

“ಹಾಗಾದರೆ ಸಿಪ್ಪೆ?”

“ಅದರಿಂದ ಇಷ್ಟಾಗಿರಲಾರದು. ಆದರೂ ಇವರಿಗೆ ಇನ್ನು ಮುಂದೆ ಕೇಳದೆ ಏನನ್ನೂ ಕೊಡಬೇಡಿ.”

ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ನೂರ ಅರವತ್ತಕ್ಕೆ ಇಳಿಯಿತು. ಮಿಸೆಸ್ ಫಂಗ್ ಇನ್ನೂ ಹೊರಗಿನ ಕುರ್ಚಿಯಲ್ಲೇ ಕೂತಿದ್ದರು. ಸುಚೇತಾ ಹೋಗಿ ಎದುರು ನಿಂತಳು.

“ಮಾತ್ರೆಯಿಂದ ಆಗಿದ್ದು. ನಾವೇ ಕೊಟ್ಟಿದ್ದು. ನಿಮ್ಮ ಜಾಡಿ... ಹೆದರಿ ಸಿಂಕಿಗೆ ಸುರಿದುಬಿಟ್ಟೆ. ನನ್ನನ್ನ ಕ್ಷಮಿಸಿ.”

“ಎಲ್ಲಾ?”

“ಎಲ್ಲಾ.”

ಮಿಸೆಸ್ ಫಂಗ್ ಕೆನ್ನೆ ಒರೆಸಿಕೊಂಡು ಎದ್ದರು. “ನಾನು ಅವರನ್ನ ನೋಡಬಹುದಾ?”

ಇಂಗ್ಲಿಷ್ ಬಾರದ ಶಕುಂತಲಾಬಾಯಿ ನೆರೆಯಾಕೆಯನ್ನು ಕಂಡು ಕೈ ಚಾಚಿದರು. “ಬರ್ರಿ, ಕೂಡ್ರಿ. ನಿಮ್ಮನ್ನೂ ಅಂಜಿಸಿಬಿಟ್ಟೆ.” ಮಿಸೆಸ್ ಫಂಗ್‌ಗೆ ಮಾತು ತಿಳಿಯಲಿಲ್ಲ, ಆದರೂ ಆ ಕೈ ಹಿಡಿದು ಮಂಚದ ಅಂಚಿನಲ್ಲಿ ಕೂತರು.

ಸುಚೇತಾ ಕೂರಲಿಲ್ಲ. ಹಾಸಿಗೆಯ ಪಕ್ಕದ ಯಂತ್ರ ಬೀಪ್ ಎಂದಾಗಲೆಲ್ಲ ಬೆಚ್ಚಿ, ಅದರ ಅಂಕಿಗಳನ್ನೇ ನೋಡುತ್ತ ನಿಂತಿದ್ದಳು.