ಕಿಟಕಿಯಮ್ಮನ ಕರಿ ಮೇಜುಬಟ್ಟೆ

ಇದ್ದಿಲು ತೊಳೆದರೆ ಇದ್ದವರಿಗೆಲ್ಲ ನಗು. ಗಾದೆ ಹೀಗಿಲ್ಲ, ನಿಜ; ಆದರೆ ಮುಂದಿನದೆಲ್ಲ ನಡೆದದ್ದು, ನಡೆದ ಹಾಗೆಯೇ.

ಅಕ್ಕ ಒಂದು ಕಾಲನ್ನು ಹೊಸಿಲಿನ ಮೇಲಿಟ್ಟು, ಇನ್ನೊಂದನ್ನು ಎತ್ತಲಾರದೆ ನಿಂತಿದ್ದಳು. ಹಿಂದೆ ಹೂವು ಹಿಡಿದು ಬಂದವರು ದಾರಿಗಾಗಿ ಕೆಮ್ಮಿದರು. ಅವಳು ಸರಿಯಲಿಲ್ಲ. ಒಳಗೆ ನಡುಮನೆಯಲ್ಲಿ ತಮ್ಮನ ಹೆಂಡತಿ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಅವಳ ಸುತ್ತ ಮನೆಗೆ ಮನೆಯೇ ಕಪ್ಪು ತೊಟ್ಟು ನಿಂತಿತ್ತು.

ಸಾವಿಗೆಂದು ತೊಟ್ಟದ್ದಲ್ಲ. ಮರುದಿನ ಕ್ರಿಸ್‌ಮಸ್. ಸತ್ತವಳೇ ಕೈಯಾರೆ ಮನೆ ಸಿಂಗರಿಸಿ, ಕೊನೆಯ ರಿಬ್ಬನ್ನಿನ ಗಂಟು ಬಿಗಿಯುತ್ತ ಕುರ್ಚಿಯಲ್ಲೇ ತಲೆ ವಾಲಿಸಿದ್ದಳು. ಮೂಲೆಯಲ್ಲಿ ಕರಿಬಣ್ಣ ಬಳಿದ ಮರ, ಕೊಂಬೆಗಳಲ್ಲಿ ನೇರಳೆಗಪ್ಪು ಗಾಜಿನ ಗುಂಡುಗಳು, ಮೆಟ್ಟಿಲ ಕಟಕಟೆಗೆ ಕಾಗೆರೆಕ್ಕೆಯಂಥ ರಿಬ್ಬನ್. ಕರಿ ಮೇಣದಬತ್ತಿಗಳನ್ನು ಯಾರೋ ಹಚ್ಚಿದ್ದರು. ಅವುಗಳ ಬಿಸಿಗೆ ಗುಂಡುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ತಿರುಗಿದ ಒಂದೊಂದರಲ್ಲೂ ಒಂದು ಪುಟ್ಟ ಪೆಟ್ಟಿಗೆ, ಒಂದು ಪುಟ್ಟ ಬಾಗಿಲು, ಬಾಗಿಲಲ್ಲಿ ಒಬ್ಬ ಪುಟ್ಟ ಅಕ್ಕ.

"ಅವಳಿಗೆ ಮೊದಲೇ ಗೊತ್ತಿತ್ತು ಅನ್ಸುತ್ತೆ," ಎಂದು ಎದುರುಮನೆಯಾಕೆ ಪಿಸುಗುಟ್ಟಿದಳು.

"ಹಾಗಾದ್ರೆ ಪ್ರತಿ ವರ್ಷವೂ ಗೊತ್ತಿತ್ತು ಅನ್ನಿ," ಎಂದ ದರ್ಜಿ. "ಹೋದ ವರ್ಷವೂ ಕಪ್ಪೇ, ಅದರ ಹಿಂದಿನ ವರ್ಷವೂ ಕಪ್ಪೇ. ಪಾಪ, ಇಷ್ಟು ಸಲ ತಯಾರಾಗಿ ಒಂದೇ ಸಲ ಸತ್ತಳು."

ದರ್ಜಿ ಅವಳ ಜೊತೆ ಕೆಲಸ ಮಾಡಿದವನು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಕಿಟಕಿಗಳನ್ನು ಸಿಂಗರಿಸುವುದು ಅವಳ ಉದ್ಯೋಗ; ಅಂಗಡಿಯವರು ಇಟ್ಟ ಕಿಟಕಿಯಮ್ಮ ಎಂಬ ಹೆಸರು ಬೀದಿಗೂ ಬಂದಿತ್ತು. ಡಿಸೆಂಬರ್ ಬಂತೆಂದರೆ ಅಂಗಡಿಯ ಕಿಟಕಿಯಲ್ಲಿ ಕೆಂಪು, ಚಿನ್ನ, ಹತ್ತಿಯ ಹಿಮ. ಮನೆಗೆ ಬಂದರೆ ಕತ್ತಲು. ಕೂಲಿಗೆ ಕೆಂಪು, ಖುಷಿಗೆ ಕಪ್ಪು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದವರಿಗೆ ಅವಳು, "ಒಬ್ಬರು ಬರೋರಿದ್ದಾರೆ, ಅವರಿಗೆ," ಎನ್ನುತ್ತಿದ್ದಳು. ಆ ಉತ್ತರ ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಅಕ್ಕ ಲಾಂಡ್ರಿ ಇಟ್ಟವಳು. ಬಟ್ಟೆಯನ್ನು ಯಂತ್ರದಲ್ಲಿ ಒಗೆಯುತ್ತಿದ್ದಳು, ಮಂದಿಯನ್ನು ಬಾಯಲ್ಲೇ ಒಗೆಯುತ್ತಿದ್ದಳು. ಸದಾ ಇಸ್ತ್ರಿ ಹಾಕಿದಂತಿರುವ ಅವಳ ಮುಖ ಇವತ್ತು ಮುದುಡಿತ್ತು. ಅವಳ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ. ಬಾಗಿಲ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವ ಹಾಗೆ, ದುಂಡು ಮೇಜೊಂದಿತ್ತು. ಅದರ ಮೇಲೆ ಕರಿ ಮೇಜುಬಟ್ಟೆ. ಬಟ್ಟೆಯ ಮೇಲೆ ಅಂಚಿನವರೆಗೂ ನೀರು ತುಂಬಿದ ಅಗಲ ಬಟ್ಟಲು, ನೀರಿನಲ್ಲಿ ತೇಲುವ ಒಂದೇ ಒಂದು ಕರಿಬತ್ತಿ. ವರ್ಷ ವರ್ಷವೂ ಮೇಜು ಬಾಗಿಲಿಗೆ ಒಂದಿಷ್ಟು ಹತ್ತಿರ ಬಂದಿದೆ ಎಂದು ಅಕ್ಕನಿಗೆ ಹಿಂದೆಯೂ ಅನ್ನಿಸಿತ್ತು. ಇವತ್ತು ಅದು ಹೊಸಿಲಿಗೇ ಬಂದು ನಿಂತಿತ್ತು, ತನ್ನನ್ನೇ ಕರೆಯಲು ಬಂದಂತೆ.

* * *

ತಮ್ಮನ ಮದುವೆಯಾದ ವರ್ಷದ ಕ್ರಿಸ್‌ಮಸ್. ಅಮ್ಮ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅಮ್ಮ ಬಿಟ್ಟುಹೋದದ್ದರಲ್ಲಿ ಅಕ್ಕನಿಗೆ ಬೇಕಿದ್ದದ್ದು ಒಂದೇ: ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿದ್ದ, ಅಮ್ಮನೇ ಅಂಚು ಹೊಲಿದ ಕೆಂಪು ಮೇಜುಬಟ್ಟೆ. ಮೇಜು ತಮ್ಮನ ಮನೆಗೆ ಹೋಯಿತು. ಬಾಲದ ಹಾಗೆ ಬಟ್ಟೆಯೂ ಹೋಯಿತು. ಕೇಳಲು ಅಕ್ಕನಿಗೆ ಬಿಗುಮಾನ. ಕೇಳದಿದ್ದರೂ ಕೊಡಲಿ ಎಂಬ ಆಸೆ.

ಹಬ್ಬದ ದಿನ ಬಾಗಿಲು ತೆರೆದರೆ ಎದುರಿಗೇ ಮೇಜು, ಮೇಜಿನ ಮೇಲೆ ಅದೇ ಬಟ್ಟೆ. ಕಡುಗಪ್ಪು. ಪಕ್ಕದಲ್ಲಿ ಹೊಸ ಮದುವಣಗಿತ್ತಿ, ತುಟಿಯ ತುದಿಯಲ್ಲಿ ಏನನ್ನೋ ಅದುಮಿಟ್ಟುಕೊಂಡು ನಿಂತಿದ್ದಳು.

"ಅತ್ತಿಗೆ, ಒಳಗೆ ಬನ್ನಿ. ಮುಟ್ಟಿ ನೋಡಿ, ಹೇಗಿದೆ ಹೇಳಿ."

ಅಕ್ಕ ಮುಟ್ಟಲಿಲ್ಲ. ಕಲೆ ಯಾವುದು, ಬಣ್ಣ ಯಾವುದು ಎಂದು ಬೀದಿಯ ಆಚೆಯಿಂದಲೇ ಹೇಳುವವಳೆಂದು ಅವಳಿಗೆ ಹೆಸರಿತ್ತು, ಹೆಸರಿಗಿಂತ ಹೆಚ್ಚು ಹೆಮ್ಮೆಯಿತ್ತು.

"ಮುಟ್ಟೋದೇನು ಬಂತು? ಪಕ್ಕಾ ಬಣ್ಣ. ಇನ್ನು ಯಾವ ನೀರಿಗೂ ಬಿಡಲ್ಲ," ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹೆಣದ ಮನೆ ಮಾಡಿಟ್ಟಿದ್ದೀಯ. ನೋಡ್ತಿರು, ಈ ಮನೇಲಿ ತೊಟ್ಟಿಲು ತೂಗಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಸಾಯೋವರೆಗೂ ಈ ಬಟ್ಟೆಗೆ ನನ್ನ ಕೈ ತಾಗಲ್ಲ, ಆಣೆ."

ತೊಟ್ಟಿಲು ತೂಗಲಿಲ್ಲ.

ಒಂದು ವರ್ಷ ಹೋಯಿತು, ಹತ್ತು ಹೋಯಿತು, ಮೂವರ ತಲೆಯೂ ನರೆಯಿತು. ಅಕ್ಕನಿಗೆ ತನ್ನ ನಾಲಿಗೆಯನ್ನು ಕಂಡರೆ ಭಯವಾಗತೊಡಗಿತು. ಪ್ರತಿ ಕ್ರಿಸ್‌ಮಸ್‌ಗೂ ಕೇಕಿನ ಡಬ್ಬಿ ಹಿಡಿದು ಹೋಗುವಳು, ಈ ಸಲ ತಪ್ಪಾಯಿತು ಅಂದುಬಿಡಬೇಕು ಎಂದುಕೊಂಡೇ ಹೋಗುವಳು. ಹೋದರೆ ಹೊಸಿಲಲ್ಲೇ ಕಾಲು ಕೀಲಿಸುತ್ತಿತ್ತು. ಒಂದು ವರ್ಷ ಬತ್ತಿಗಳು ಕಪ್ಪಾಗಿದ್ದವು, ಮತ್ತೊಂದು ವರ್ಷ ಪರದೆ, ಮುಂದಿನ ವರ್ಷ ಮರ. ನೀವಂದ ಹೆಣದ ಮನೆ ಇದೇ ನೋಡಿ ಎಂದು ಮನೆ ಒಂದೊಂದೇ ಉತ್ತರ ಕೊಡುತ್ತಿದೆ ಎಂದು ಅಕ್ಕನಿಗೆ ತೋರುತ್ತಿತ್ತು. ಒಳಗಿನಿಂದ ಕಿಟಕಿಯಮ್ಮ ಪ್ರತಿ ವರ್ಷವೂ ಅದೇ ಮಾತು ಕೂಗುವಳು: "ಅತ್ತಿಗೆ, ಒಳಗೆ ಬನ್ನಿ. ಬಾಗಿಲಲ್ಲಿ ನಿಂತರೆ ಚಳಿ ಒಳಗೆ ಬರುತ್ತೆ." ಅಕ್ಕ ಡಬ್ಬಿಯನ್ನು ತಮ್ಮನ ಕೈಗಿತ್ತು, ತಿರುಗಿ ನಡೆಯುವಳು. ಅವಳ ಬೆನ್ನಿಗೆ ಯಾರೋ ನಗು ನುಂಗಿದ ಸದ್ದಾಗುತ್ತಿತ್ತು.

* * *

"ಅತ್ತಿಗೆ, ಒಳಗೆ ಬನ್ನಿ. ಬಾಗಿಲಲ್ಲಿ ನಿಂತರೆ ಚಳಿ ಒಳಗೆ ಬರುತ್ತೆ."

ಅಕ್ಕ ಬೆಚ್ಚಿ ತಲೆಯೆತ್ತಿದಳು. ದನಿ ಅಡುಗೆಮನೆಯಿಂದ ಬಂದಿತ್ತು. ಅದೇ ಎಳೆತ, 'ಚಳಿ'ಯ ಮೇಲೆ ಅದೇ ಒತ್ತು, ಕೊನೆಗೆ ಅದೇ ಅದುಮಿದ ಉಸಿರು. ಪೆಟ್ಟಿಗೆಯೊಳಗಿನ ತುಟಿ ಮುಚ್ಚಿಯೇ ಇತ್ತು. ಒಂದು ಗಳಿಗೆ ಯಾರೂ ಅಲುಗಲಿಲ್ಲ. ಮರದ ಗುಂಡುಗಳು ಮಾತ್ರ ಒಂದರ ಹಿಂದೊಂದು ಬಾಗಿಲ ಕಡೆಗೆ ಮುಖ ತಿರುಗಿಸಿದವು.

ಕಾಫಿಗೆಂದು ಅಡುಗೆಮನೆಗೆ ಹೋಗಿದ್ದ ದರ್ಜಿಯ ದನಿ ಅದು. ಕಾಫಿ ಕುಡಿಯುತ್ತಿದ್ದವರಿಗೆ ಅವಳು ಹೇಗೆ ಮಾತಾಡುತ್ತಿದ್ದಳೆಂದು ತೋರಿಸುತ್ತಿದ್ದ. ಅಂಗಡಿಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಅಣಕಿಸಿಯೇ ದಿನ ಕಳೆದವರು. ಇದು ಅಕ್ಕನಿಗೆ ಗೊತ್ತಾದದ್ದು ಆಮೇಲೆ. ಆಗ ಮಾತ್ರ ಅವಳು, ಕರೆದರಲ್ಲ ಎನ್ನುವಂತೆ, ಎತ್ತಲಾರದಿದ್ದ ಕಾಲನ್ನು ಎತ್ತಿ ಒಳಗಿಟ್ಟುಬಿಟ್ಟಳು.

ಸೀರೆಯ ಅಂಚು ಕಾಲಿಗೆ ತೊಡರಿತು. ಕೈ ಆಸರೆಗೆ ಮೇಜು ಹಿಡಿಯಿತು. ಬಟ್ಟಲು ವಾಲಿ, ಬತ್ತಿ ಚುಸ್ಸೆಂದು ಆರಿ, ತಣ್ಣನೆಯ ನೀರು ಬಟ್ಟೆಯ ಮೇಲೂ ಅಕ್ಕನ ಕೈಯ ಮೇಲೂ ಹರಿಯಿತು.

ತಮ್ಮ ಪೆಟ್ಟಿಗೆಯ ಪಕ್ಕದಿಂದ ಎದ್ದು ಬರುವಷ್ಟರಲ್ಲಿ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. "ತಪ್ಪಾಯ್ತು ಕಣೇ," ಎಂದಳು, ಪೆಟ್ಟಿಗೆಯ ಕಡೆಗೆ ನೋಡದೆ. "ಅವತ್ತೇ ಅನ್ಬೇಕಿತ್ತು."

ಅಷ್ಟು ವರ್ಷ ಆಡದೆ ಇಟ್ಟ ಮಾತು ಕೊನೆಗೂ ಹೊರಬಿತ್ತು. ಕೇಳಬೇಕಾದವಳು ಕೇಳಲಿಲ್ಲ. ಅಕ್ಕ ಮುಖದಿಂದ ಕೈ ತೆಗೆದಳು. ಎದುರುಮನೆಯಾಕೆ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಅಕ್ಕ ಮರದ ಕಡೆ ತಿರುಗಿದಳು: ಹತ್ತಿರದ ಗಾಜಿನ ಗುಂಡಿನಲ್ಲಿ ಒಂದು ಮುಖ, ಅದರ ಕೆನ್ನೆಯ ಮೇಲೆ ಐದು ಕರಿ ಬೆರಳು. ಸತ್ತವಳು ಎದ್ದು ಬಂದು ಬಾರಿಸಿ ಹೋಗಿದ್ದಳು.

ಅಕ್ಕ ತಾನಾಗಿ ಅಂಗೈ ನೋಡಿಕೊಂಡಳು. ಅಂಗೈಯೂ ಕಪ್ಪು. ಹೆಬ್ಬೆರಳು ತೋರುಬೆರಳು, ಅಭ್ಯಾಸಬಲದಿಂದ, ಒಂದನ್ನೊಂದು ಉಜ್ಜಿದವು. ಜಿಗುಟು. ಮೂಗಿಗೆ ಹಿಡಿದಳು.

"ಗಂಜಿ," ಎಂದಳು. ದನಿ ಲಾಂಡ್ರಿಯ ದನಿಯಾಗಿತ್ತು. "ಗಂಜೀಲಿ ಕಲಸಿದ ಕರಿಪುಡಿ. ಹೊಸದು. ಬಳಿದು ತಿಂಗಳೂ ಆಗಿಲ್ಲ."

ಮೇಜಿನ ಮೇಲೆ ನೀರು ಹರಿದಲ್ಲೆಲ್ಲ ಕಪ್ಪು ಬಿಟ್ಟುಕೊಡುತ್ತಿತ್ತು. ಅದರಡಿಯಿಂದ ಕೆಂಪು ಮೇಲೇಳುತ್ತಿತ್ತು, ಅಮ್ಮ ಪೆಟ್ಟಿಗೆಯಿಂದ ತೆಗೆಯುತ್ತಿದ್ದಾಗಿನ ಅದೇ ಕೆಂಪು.

ಬಾಗಿಲಿಗೆ ಬಂದ ದರ್ಜಿ ತಲೆ ಕೆರೆದುಕೊಂಡ. ಅಂಗಡಿಯ ಕಿಟಕಿಗೆ ಹಾಕಿದ ಬಟ್ಟೆ ಹಬ್ಬ ಮುಗಿದ ಮೇಲೆ ಮಾರಾಟಕ್ಕೆ ವಾಪಸ್ ಹೋಗಬೇಕು, ಅದಕ್ಕೇ ಅವಳು ಬಳಿಯುತ್ತಿದ್ದ ಬಣ್ಣವೆಲ್ಲ ಒಂದು ನೀರಿಗೆ ಬಿಡುವಂಥದ್ದು, ಇದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು ಎಂದ.

"ನಿಂಗೂ ಗೊತ್ತಿತ್ತೇನೋ?" ಎಂದು ಅಕ್ಕ ತಮ್ಮನನ್ನು ಕೇಳಿದಳು.

ತಮ್ಮ ಬೀಗ ರಿಪೇರಿಯವನು. ಮಾತಾಡುವಾಗಲೂ ಕೀಲಿ ಹುಡುಕುವವನ ಹಾಗೆ ತಡವರಿಸುತ್ತಿದ್ದ. "ಮೊದಲನೇ ವರ್ಷ ನಿನ್ನ ಕೈಗೆ ಮಸಿ ಹತ್ತಿಸಿ, ಎಲ್ಲರನ್ನೂ ನಗಿಸಿ, ನಿನ್ನೆದುರಿಗೇ ಒಗೆದು, ಬಟ್ಟೆ ನಿನಗೇ ಕೊಡ್ಬೇಕು ಅಂತಿದ್ಲು. ನೀನು ಮುಟ್ಟಲೇ ಇಲ್ಲ."

"ಹೇಳೋಕೆ ಬಾಯಿರಲಿಲ್ವಾ?"

"ಅತ್ತಿಗೆ ಮುಟ್ಟೇ ತಿಳ್ಕೊಳ್ಳಲಿ, ನೀವು ಉಸಿರೆತ್ತಕೂಡದು ಅಂದ್ಲು. ನೀನು ಆಣೆ ಬಿಡ್ಲಿಲ್ಲ, ಅವಳು ಹಠ ಬಿಡ್ಲಿಲ್ಲ. ಪ್ರತಿ ವರ್ಷ ಒಗೀತಿದ್ಲು, ಬಳೀತಿದ್ಲು. ಬರೀ ಬಟ್ಟೆಗೆ ಅತ್ತಿಗೆ ಒಳಗೆ ಬರಲ್ಲ ಅಂತ ಬತ್ತಿ, ಪರದೆ, ಮರ..." ಅವನು ಸುತ್ತ ಕೈ ತೋರಿಸಿದ. "ಇದೆಲ್ಲಾ ನಿನ್ನನ್ನ ಈ ಮೇಜಿನ ತನಕ ಕರೆಯೋಕೆ ಕಣೆ."

ಅಕ್ಕ ವಾಲಿದ ಬಟ್ಟಲನ್ನು ನೆಟ್ಟಗಿಟ್ಟಳು. "ತೊಟ್ಟಿಲಿನ ಮಾತು?" ಎಂದಳು.

"ಅದಕ್ಕೆ ಅತ್ತಳು. ಸುಳ್ಳು ಯಾಕೆ ಹೇಳಲಿ." ಅವನು ಪೆಟ್ಟಿಗೆಯ ಕಡೆ ನೋಡಿದ. "ಆಮೇಲೆ ಡಾಕ್ಟರು ದೋಷ ನಂದು ಅಂದ್ರು. ಅತ್ತಿಗೆ ಮುಟ್ಟಿದ ದಿನ ಅದನ್ನೂ ಹೇಳ್ಬಿಡಿ, ಅವರ ನಾಲಿಗೆಗೆ ಅಷ್ಟು ಶಕ್ತಿ ಇಲ್ಲ ಅಂತ ಹೇಳಿ, ಅಂದಿದ್ಲು."

ಅಕ್ಕ ಬಟ್ಟೆಯ ಮೂಲೆಯನ್ನು ಎತ್ತಿ ಹಿಂಡಿದಳು. ಕರಿನೀರು ಮೊಣಕೈವರೆಗೂ ಇಳಿಯಿತು. ಅಮ್ಮನ ಹೊಲಿಗೆ ಸವೆದಲ್ಲಿ ಯಾರೋ ಅದೇ ಕೆಂಪಿನ ದಾರದಿಂದ, ಅದೇ ಅಳತೆಯ ಎಳೆ ಎಳೆದು ಸರಿಮಾಡಿದ್ದರು. ಒಂದು ದಾರ ಹಳತು, ಒಂದು ಅದಕ್ಕಿಂತ ಹೊಸತು, ಒಂದು ತೀರಾ ಈಚಿನದು.

"ಪಕ್ಕಾ ಬಣ್ಣ," ಎಂದಳು ಅಕ್ಕ, ಸೊಟ್ಟಗೆ. "ಯಾವ ನೀರಿಗೂ ಬಿಡಲ್ಲ."

ತಮ್ಮನ ಮೀಸೆ ಮೊದಲು ಅಲುಗಿತು. ದರ್ಜಿ ಕೆಮ್ಮಿನಂಥದ್ದೇನನ್ನೋ ಕರವಸ್ತ್ರಕ್ಕೆ ಕೆಮ್ಮಿದ. ಎದುರುಮನೆಯಾಕೆ ಸೆರಗು ಕಚ್ಚಿಕೊಂಡಳು. ಆಮೇಲೆ ಎಲ್ಲರ ನಗುವನ್ನೂ ಮುಚ್ಚುವಂತೆ ಒಂದು ನಗು ಎದ್ದಿತು. ಪ್ರಾರ್ಥನೆಯ ಪುಸ್ತಕ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಪಾದ್ರಿ ಮನೆ ತಪ್ಪಿತೇ ಎಂದು ಬಾಗಿಲ ಮೇಲಿನ ನಂಬರ್ ನೋಡಿಕೊಂಡರು. ಒಳಗೆ ಅಕ್ಕ ಪೆಟ್ಟಿಗೆಯ ಅಂಚು ಹಿಡಿದು, ಒದ್ದೆ ಕೆಂಪನ್ನು ಎದೆಗವಚಿಕೊಂಡು, ಬಾಗಿ ಬಾಗಿ ನಗುತ್ತಿದ್ದಳು. ಕರಿ ಮರದ ಗುಂಡುಗಳು ನಿಧಾನವಾಗಿ ತಿರುಗುತ್ತಿದ್ದವು. ಒಂದೊಂದರಲ್ಲೂ ಮಸಿ ಮೆತ್ತಿದ ಪುಟ್ಟ ಅಕ್ಕ, ಹೊಸಿಲಿನಿಂದ ತುಂಬಾ ಒಳಗೆ, ಬಾಯಿ ತೆರೆದು.