ಸೊಂಟದ ಹಗ್ಗ

ಬೆಳಗಿನ ಅಂಬಲಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೇ ಸಂಜೀವಪ್ಪನ ಅಂಗೈ ಬೆವರಲು ಶುರುವಾಗುತ್ತಿತ್ತು. ಪಂಚೆಗೆ ಒರೆಸಿಕೊಳ್ಳುತ್ತಿದ್ದ, ಮತ್ತೆ ಒದ್ದೆ. ಬೂದಿ ಉಜ್ಜಿಕೊಂಡು ನೋಡಿದ, ಬೂದಿಯೇ ಕೆಸರಾಯಿತು. ಸೂರು ಹತ್ತಿ ಹೆಂಚು ಹೊದಿಸಿ ಹೊಟ್ಟೆ ಹೊರೆಯುವವನಿಗೆ ಕೈ ಬೆವರುತ್ತದೆ ಅಂದರೆ ಊರು ನಗದೆ ಇರುತ್ತದೆಯೇ? ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಆದಿಲಕ್ಷ್ಮಮ್ಮನಿಗೆ ಮಾತ್ರ ಹೇಳದೆಯೇ ಗೊತ್ತಾಗಿತ್ತು.

ದೊಡ್ಡಬೆಳವಂಗಲದ ಸುತ್ತಮುತ್ತ ಹೆಂಚಿನ ಕೆಲಸ ಅಂದರೆ ಮೇಸ್ತ್ರಿ ವೆಂಕಟರಾಯಪ್ಪ. ಸಂಜೀವಪ್ಪನಿಗೆ ಅವನು ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಅವನೇ. ಪ್ಲೇಗಿನಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅನ್ನ ಹಾಕಿ, ಮರ ಕೆತ್ತುವ ಬಾಚಿ ಹಿಡಿಯುವುದನ್ನು ಕಲಿಸಿ, ಮಗಳನ್ನು ಕೊಟ್ಟು ಮನೆಯಲ್ಲೇ ಇಟ್ಟುಕೊಂಡವನು. ಮನೆ ಅಳಿಯ ಮನೆ ತೊಳಿಯ ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಸುಮ್ಮನೆ ಕಟ್ಟಿಲ್ಲ. ಉಣ್ಣುವ ತಟ್ಟೆಯೂ ಮಾವನದು, ಹಿಡಿಯುವ ಸುತ್ತಿಗೆಯೂ ಮಾವನದು. ಹಾಗಿರುವಾಗ ಬಾಯಿ ಮಾತ್ರ ತನ್ನದು ಅಂತ ತೆರೆಯುವುದು ಹೇಗೆ?

ಮಾವ ಕೆಟ್ಟವನೇನಲ್ಲ. ಆದರೆ ಅವನ ಕಸುಬಿಗೆ ಕೆಲವು ಕಟ್ಟಳೆಗಳಿದ್ದವು. ಏಣಿಯನ್ನು ಕಟ್ಟಬಾರದು, ಒರಗಿಸಬೇಕು. ಬಾಚಿಯನ್ನು ಬುಟ್ಟಿಯಲ್ಲಿಟ್ಟು ಸೇದಬಾರದು, ಕೆಳಗಿನವನು ಎಸೆಯಬೇಕು, ಮೇಲಿನವನು ಹಿಡಿಯಬೇಕು. ಎಲ್ಲಕ್ಕಿಂತ ದೊಡ್ಡದೆಂದರೆ, ಸೂರಿನ ಮೇಲಿರುವವನು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳಲೇಬಾರದು. "ಹಗ್ಗ ಬಿಗಿಯೋದು ಹೆಣಕ್ಕೆ, ಅದೂ ಚಟ್ಟದ ಮೇಲೆ" ಅನ್ನುತ್ತಿದ್ದ. ಬದುಕಿರುವವನು ಬಿಗಿದುಕೊಂಡರೆ ಸಾವನ್ನು ತಾನಾಗಿ ಕೂಗಿ ಕರೆದ ಹಾಗಂತೆ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದನಂತೆ.

ಹೋದ ಕಾರ್ತೀಕದಲ್ಲಿ ಅವರ ಜೊತೆಯ ಕೆಲಸಗಾರ ಬೈರಣ್ಣ ಜಾರಿ ಬಿದ್ದ. ಸಂಜೀವಪ್ಪ ಪಕ್ಕದಲ್ಲೇ ಇದ್ದ, ಕೈ ಚಾಚಿದ್ದ, ಬೆರಳ ತುದಿಗೆ ಬೆರಳು ತಾಕಿಯೂ ಇತ್ತು. ಈಗ ಬೈರಣ್ಣ ಜಗಲಿಯಲ್ಲಿ ಮಲಗಿದ್ದಾನೆ, ಸೊಂಟದ ಕೆಳಗೆ ಜೀವವಿಲ್ಲ. ಊರಿನವರೆಲ್ಲ ಗ್ರಹಚಾರ ಅಂದರು, ಮಾವನೂ ಹಾಗೇ ಅಂದ. ಆವತ್ತಿನಿಂದಲೇ ಸಂಜೀವಪ್ಪನ ಅಂಗೈ ಬೆವರುತ್ತಿದ್ದದ್ದು.

ಈ ಸಲ ಕೆಲಸ ದೊಡ್ಡಬಳ್ಳಾಪುರದ ಲಕ್ಷ್ಮಯ್ಯನವರ ಮಗ್ಗದ ಮನೆಯದು. ಹಳೆಯ ಹೆಂಚು ಇಳಿಸಿ, ಹೆಂಚು ಕೂರುವ ಮರದ ರೀಪುಪಟ್ಟಿಗಳನ್ನು ಹೊಸದಾಗಿ ಹೊಡೆದು, ಮುಂಗಾರು ಬರುವುದರೊಳಗೆ ಹೊದಿಸಿ ಮುಗಿಸಬೇಕು. ಮಹಾಯುದ್ಧವೇನೋ ಮುಗಿದಿತ್ತು, ಮೊಳೆ ಮಾತ್ರ ಅಂಗಡಿಗೆ ಬಂದಿರಲಿಲ್ಲ. ಹಳೆಯ ಪಟ್ಟಿಯಿಂದ ಕಿತ್ತ ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಮತ್ತೆ ಹೊಡೆಯುತ್ತಿದ್ದರು. ಒಮ್ಮೆ ಬಾಗಿದ ಮೊಳೆಗೆ ಮೊದಲಿನ ಹಿಡಿತ ಎಲ್ಲಿಂದ ಬರಬೇಕು?

ಆವತ್ತು ಏಣಿಯ ಬುಡದಲ್ಲಿ ಸಂಜೀವಪ್ಪ ಕೊನೆಗೂ ಬಾಯಿ ಬಿಟ್ಟ.

"ಮಾವ, ಮೊಳೆ ನಂಬೋ ಹಾಗಿಲ್ಲ. ಒಂದು ಹಗ್ಗ ಹಾಕ್ಕೊಂಡು ಹತ್ತಲಾ?"

ವೆಂಕಟರಾಯಪ್ಪ ಎಲೆಯಡಿಕೆ ಉಗುಳಿ ತಿರುಗಿದ. "ಏನಪ್ಪಾ, ನಿನ್ನ ಹೆಣ ನೀನೇ ಕಟ್ಕೋತೀಯಾ?"

"ಹಂಗಲ್ಲ ಮಾವ, ಬೈರಣ್ಣ..."

"ಅವನ ಸುದ್ದಿ ಎತ್ಬೇಡ." ಮಾವನ ದನಿ ಏರಿತು, ಆಮೇಲೆ ತಾನಾಗಿ ತಗ್ಗಿತು. "ಕೇಳಿಲ್ಲಿ. ಹಗ್ಗ ಇದ್ರೆ ಕಾಲಿಗೆ ಸೋಮಾರಿತನ ಬರ್ತದೆ. ಬೀಳಲ್ಲ ಅಂತ ಗೊತ್ತಾದೋನು ನೋಡಿ ಹೆಜ್ಜೆ ಇಡಲ್ಲ. ಓಡಾಡೋವಾಗ ಅದೇ ಹಗ್ಗ ಕಾಲಿಗೆ ತೊಡರ್ಕೊಂಡು ಬಿದ್ದೋರನ್ನ ನಾನು ಕಂಡಿದೀನಿ. ಇನ್ನೊಂದು ಮಾತು. ಹಗ್ಗ ಕಟ್ಕೊಂಡು ಹತ್ತೋನನ್ನ ನೋಡಿದ್ರೆ ಯಾವ ಯಜಮಾನ ನಮ್ಗೆ ಕೆಲಸ ಕೊಡ್ತಾನೆ? ಹೆದ್ರುಪುಕ್ಲರು ಅಂತಾನೆ. ಹತ್ತು ಹತ್ತು."

ತೊಡರುತ್ತದೆ ಅನ್ನುವುದು ಸುಳ್ಳಲ್ಲ. ಯಜಮಾನರ ಮಾತೂ ಸುಳ್ಳಲ್ಲ. ಸಂಜೀವಪ್ಪನ ಮಾತು ಗಂಟಲಲ್ಲೇ ಉಳಿಯಿತು, ಬಾಯಿಗಿಟ್ಟ ಬಿಸಿ ತುಪ್ಪ ನೋಡಿ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹತ್ತಿದರೆ ಬೈರಣ್ಣನ ಜಗಲಿ, ಹತ್ತದಿದ್ದರೆ ಮಾವನ ಮನೆಯಲ್ಲಿ ಯಾವ ಮುಖ ಹೊತ್ತು ಉಣ್ಣುವುದು? ಹೆಂಚು ಹೊರಲು ತಲೆಗೆ ಸಿಂಬಿ ಸುತ್ತುತ್ತಿದ್ದ ಆದಿಲಕ್ಷ್ಮಮ್ಮ ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಸಿಂಬಿ ತಲೆಗಿಟ್ಟು ಹೆಂಚಿನ ರಾಶಿಯ ಕಡೆ ಹೋದಳು.

ಅವನು ಹತ್ತಿದ. ಹೆಂಚು ಇಳಿಸಿದ ಸೂರು ಬರೀ ಎಲುಬಿನ ಗೂಡಾಗಿತ್ತು. ಕೆಳಗೆ ಮಗ್ಗಗಳು, ಅವುಗಳ ಕೆಳಗೆ ಕಲ್ಲುಚಪ್ಪಡಿ, ಎಲ್ಲ ಕಣ್ಣಿಗೆ ರಾಚುತ್ತಿತ್ತು. ಸಂಜೀವಪ್ಪ ನೆತ್ತಿಯ ತೊಲೆಯ ಮೇಲೆ ಎರಡೂ ಬದಿಗೆ ಕಾಲು ಹಾಕಿ ಕುಳಿತವನು ಅಲ್ಲಿಂದ ಕದಲಲಿಲ್ಲ. ಮುಂದೆ ಹೋಗಲು ಕಾಲು ಬಾರದು, ಇಳಿಯಲು ಮುಖವಿಲ್ಲ. ಅಯ್ಯೋ, ಇಡೀ ಬಯಲಿನಂಥ ಆಕಾಶ ತಲೆಯ ಮೇಲಿದ್ದರೂ ಅವನಿಗೆ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ ಹಾಗಿತ್ತು.

"ಏನ್ಲಾ, ಅಲ್ಲೇ ಗೂಡು ಕಟ್ತೀಯಾ?" ಅಂತ ಹಿಂದೆಯೇ ಹತ್ತಿ ಬಂದ ಮಾವ ನಕ್ಕ. "ನೋಡು, ಹಿಂಗೆ ಬರ್ಬೇಕು."

ಬಾಚಿಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ವೆಂಕಟರಾಯಪ್ಪ ಇಳಿಜಾರಿನಲ್ಲಿ ಅಡ್ಡಡ್ಡ ನಡೆದ. ಆ ವಯಸ್ಸಿನಲ್ಲಿ ಆ ನಡಿಗೆ ನೋಡಬೇಕಿತ್ತು, ಗದ್ದೆಯ ಬದುವಿನ ಮೇಲೆ ಹೋಗುವವನ ಹಾಗೆ. ನಡುವೆ ಒಂದು ಪಟ್ಟಿ ಮೆಟ್ಟಿದ. ಮೊಳೆ ಕಿರ್ ಅಂದಿತು, ಪಟ್ಟಿ ಎದ್ದುಬಂತು. ಮಾವ ಬೋರಲು ಬಿದ್ದು ಸರ್ರನೆ ಸೂರಿನಂಚಿಗೆ ಜಾರಿದ. ಬಲಗಾಲು ಎರಡು ಗಳುಗಳ ನಡುವೆ ತೊಡೆಯವರೆಗೂ ತೂರಿ ಸಿಕ್ಕಿಕೊಂಡಿತು. ಹೆಗಲಿನ ಬಾಚಿ ಹಾರಿ ಅಂಗಳದ ಕಲ್ಲಿಗೆ ಬಡಿಯಿತು. ಆದಿಲಕ್ಷ್ಮಮ್ಮ ಒಂದು ಹೆಜ್ಜೆ ಮುಂದಿದ್ದಿದ್ದರೆ ಅವಳ ತಲೆಯ ಮೇಲೇ ಬೀಳುತ್ತಿತ್ತು.

"ಅಪ್ಪಾ!" ಅಂತ ಅವಳು ಚೀರಿದಳು.

ವೆಂಕಟರಾಯಪ್ಪ ಎದೆಯಡಿಯ ಪಟ್ಟಿಯೊಂದನ್ನು ಅಪ್ಪಿಕೊಂಡಿದ್ದ. ಅದಕ್ಕೂ ಅದೇ ಬಡಿದು ನೆಟ್ಟಗೆ ಮಾಡಿದ ಮೊಳೆ. ಉಸಿರೆಳೆದರೆ ಕಿರ್, ಬಿಟ್ಟರೆ ಕಿರ್. ಅದು ಹೋದರೆ ತಲೆಕೆಳಗಾಗಿ ಅಂಗಳಕ್ಕೆ.

"ಅಲ್ಲಾಡ್ಬೇಡ ಮಾವ!" ಸಂಜೀವಪ್ಪನ ದನಿ ಅವನಿಗೇ ಗುರುತು ಸಿಗಲಿಲ್ಲ. "ಲಕ್ಷ್ಮೀ, ಹಗ್ಗ!"

ಅವಳು ಆಗಲೇ ಓಡಿದ್ದಳು. ಬಾವಿಯ ರಾಟೆಯಿಂದ ಸೇದುವ ಹಗ್ಗವನ್ನು ಎಳೆದು ಸುತ್ತಿ, ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿ ಬಂದಳು. ಲಕ್ಷ್ಮಯ್ಯ ಬಂದು ಏಣಿಯ ಬುಡ ಹಿಡಿದರು. ಅವಳು ಎಸೆದಳು, ಸಂಜೀವಪ್ಪ ಹಿಡಿದ. ಹಗ್ಗದ ನಡುವನ್ನು ನೆತ್ತಿಯ ತೊಲೆಗೆ ಸುತ್ತಿ ಬಿಗಿದ. ಒಂದು ತುದಿ ತನಗೆ, ಇನ್ನೊಂದು ಮಾವನಿಗೆ.

ಅಷ್ಟರಲ್ಲಿ ಮಾವ ಕತ್ತು ಹೊರಳಿಸಿ ನೋಡಿಬಿಟ್ಟ.

"ಹಗ್ಗ ತರ್ಬೇಡ! ಬಿದ್ದು ಸಾಯ್ತೀನಿ, ಹೆಣದ ಹಂಗೆ ಕಟ್ಟಿಸ್ಕೊಳಲ್ಲ. ಲೇ ಸಂಜೀವ, ನನ್ನ ಅನ್ನ ತಿಂದಿದ್ರೆ ಹಗ್ಗ ಎಸೆದ್ಬಿಡು!"

ಸಂಜೀವಪ್ಪನ ಕೈ ನಿಂತುಹೋಯಿತು. ಏನು ಹೇಳುವುದು ಇದಕ್ಕೆ? ಮಾವನ ಜೀವ ಹೋಗುತ್ತಿದೆ, ಅದು ಅವನ ಕಣ್ಣಿಗೇ ಕಾಣುತ್ತಿದೆ. ಆದರೂ ಮಾವ ಬೇಡ ಅಂದ ಮೇಲೆ ಕೈ ಏಳದು. ಇಷ್ಟು ವರ್ಷ ಬಗ್ಗಿದ ಬೆನ್ನು ಒಂದು ಗಳಿಗೆಯಲ್ಲಿ ನೆಟ್ಟಗಾಗುತ್ತದೆಯೇ? ಅನ್ನದ ಋಣ ಅನ್ನುವುದು ಯಾವ ಹಗ್ಗಕ್ಕಿಂತಲೂ ಬಿಗಿ. ಅವನಿಗೆ ಅಳು ಬಂತು, ಸಿಟ್ಟೂ ಬಂತು.

ಏಣಿಯ ತುದಿಯಲ್ಲಿದ್ದ ಆದಿಲಕ್ಷ್ಮಮ್ಮ ಮಾತಾಡಿದಳು. ಅಪ್ಪನೆದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಅಪ್ಪಾ! ತಾತ ಹೋದಾಗ ಚಿತೆಗಿಡೋಕೆ ಮುಂಚೆ ತಾತನ ಉಡುದಾರ ಹರಿದೋನು ಯಾರು? ನೀನೇ ಅಲ್ವಾ?"

ಮಾವ ಹಣೆಯನ್ನು ಪಟ್ಟಿಗೆ ಒತ್ತಿದ.

"ಗಂಡು ಹುಟ್ಟಿದ್ರೆ ಸೊಂಟಕ್ಕೆ ದಾರ ಕಟ್ತೀರಿ. ಸತ್ರೆ ಹರೀತೀರಿ. ಸೊಂಟದಲ್ಲಿ ದಾರ ಇರೋದು ಬದುಕಿರೋನಿಗೆ ಅಪ್ಪಾ, ಸತ್ತೋನಿಗಲ್ಲ! ಇಷ್ಟು ವರ್ಷ ಯಾಕೆ ಉಲ್ಟಾ ಹೇಳ್ಕೊಂಡು ಬಂದೆ? ಬೈರಣ್ಣನ್ನ ಹಂಗೆ ಮಲಗಿಸ್ಬಿಟ್ಯಲ್ಲ!" ಅಂದವಳೇ ಗಂಡನ ಕಡೆ ತಿರುಗಿ ಗದರಿದಳು. "ನೀನೇನು ನೋಡ್ತಾ ಕೂತಿದ್ದೀಯ? ಕಟ್ಟು!"

ವೆಂಕಟರಾಯಪ್ಪನ ಎದೆಯಡಿಯ ಪಟ್ಟಿ ಇನ್ನೊಮ್ಮೆ ಕಿರ್ ಅಂದಿತು. ಅವನು ಕಣ್ಣು ಮುಚ್ಚಿ, ಸೊಂಟವನ್ನು ಸ್ವಲ್ಪ ಎತ್ತಿಕೊಟ್ಟ.

ಸಂಜೀವಪ್ಪ ತನ್ನ ಹಗ್ಗದ ಬಲದಲ್ಲಿ ಇಳಿದು ಹೋದ. ಮಾವನ ಸೊಂಟಕ್ಕೂ ಕಂಕುಳಿಗೂ ಹಗ್ಗ ಸುತ್ತಿ ಗಂಟು ಹಾಕಿದ. ಸಿಕ್ಕಿದ್ದ ಕಾಲನ್ನು ಮೇಲಕ್ಕೆತ್ತಿ ಬಿಡಿಸಿದ್ದೇ ತಡ, ಪಟ್ಟಿ ಕಿತ್ತುಕೊಂಡು ಅಂಗಳಕ್ಕೆ ಹೋಯಿತು. ಅದರ ಹಿಂದೆಯೇ ಮಾವ ಹೋದ. ಒಂದು ಮೊಳ ಹೋಗಿರಬಹುದು. ಹಗ್ಗ ಟಣ್ಣೆಂದು ಬಿಗಿದು ನಿಂತಿತು. ಸೂರಿನಂಚಿನಲ್ಲಿ ತೂಗಾಡುತ್ತ ಮುದುಕ "ಸ್ವಾಮೀ, ಸ್ವಾಮೀ" ಅನ್ನುತ್ತಿದ್ದ, ಪಂಚೆ ಕಳಚಿ ಬಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಲಕ್ಷ್ಮಯ್ಯನವರೂ ನೇಯುವವರೂ ಸೇರಿ ಏಣಿ ಸರಿಸಿ, ಕಾಲಿಗೆ ಆಸರೆ ಕೊಟ್ಟು ಇಳಿಸಿಕೊಂಡರು. ಸಂಜೀವಪ್ಪ ಸೂರಿನ ಮೇಲೇ ಕುಳಿತು ಜೋರಾಗಿ ಅತ್ತ.

ಎತ್ತಿನ ಗಾಡಿಯಲ್ಲಿ ಮನೆಗೆ ಬಂದರು. ಮಾವ ಗೋಡೆಗೆ ಮುಖ ಮಾಡಿ ಮಲಗಿದ. ತೊಡೆಗೆ ಪಟ್ಟು ಹಾಕುತ್ತಿದ್ದ ಮಗಳನ್ನು ಒಂದೇ ಒಂದು ಮಾತು ಕೇಳಿದ: "ಬೈರಣ್ಣ ಏನಾದ್ರೂ ಅಂತಿದ್ನೇನಮ್ಮಾ?" ಅವಳು ಪಟ್ಟಿನ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಆಡಿಕೊಳ್ಳುವುದು ಸುಲಭ, ಬಂದ ಬುದ್ಧಿಯ ಭಾರ ಹೊರುವುದು ಕಷ್ಟ.

ಕೆಲಸವಂತೂ ಬಾಕಿ ಇತ್ತು, ಮೋಡವೂ ಕಟ್ಟತೊಡಗಿತ್ತು. ಒಂದು ವಾರ ಕಳೆದ ಮೇಲೆ ಮತ್ತೆ ಮಗ್ಗದ ಮನೆಗೆ ಹೋದರು. ಮಾವ ಕೋಲೂರಿಕೊಂಡು ಬಂದಿದ್ದ, ಹತ್ತುವ ಹಾಗಿರಲಿಲ್ಲ. ಏಣಿಯ ತುದಿಯನ್ನು ಸೂರಿಗೆ ಕಟ್ಟಿಸಿದ. ಬಾಚಿ, ಸುತ್ತಿಗೆಗಳನ್ನು ಬುಟ್ಟಿಗೆ ಹಾಕಿಸಿದ. ಆಮೇಲೆ ಸಂಜೀವಪ್ಪನನ್ನು ಹತ್ತಿರ ಕರೆದು, ತಾನೇ ಅವನ ಸೊಂಟಕ್ಕೆ ಹಗ್ಗ ಸುತ್ತಿದ. ಗಂಟು ಹಾಕಿ ಎಳೆದು ನೋಡಿದ, ಬಿಚ್ಚಿದ, ಮತ್ತೆ ಹಾಕಿದ. ಸಂಜೀವಪ್ಪನ ಅಂಗೈ ಆವತ್ತೂ ಬೆವರಿತು, ಆದರೆ ಅವನು ಮಾವನಿಗೆ ಹೇಳಿದ: "ಮಾವ, ನಂಗೆ ಭಯ ಆಗ್ತದೆ."

"ಆಗ್ಲಿ ಬಿಡು," ಅಂದ ಮಾವ. "ನಂಗೂ ಆಗ್ತಿತ್ತು ಕಣೋ. ಯಾವತ್ತೂ."

ಹಗ್ಗ ನೆತ್ತಿಯ ತೊಲೆಯ ಮೇಲಿಂದ ಹಾದು ಆಚೆ ಬದಿಗೆ ಇಳಿದು, ಕಲ್ಲುಕಂಬಕ್ಕೆ ಕಟ್ಟಲಾಗಿತ್ತು. ಮಾವ ಆ ಕಂಬದ ಬುಡದಲ್ಲಿ ಕಾಲು ಚಾಚಿ ಕುಳಿತು, ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಧ್ಯಾಹ್ನ ಲಕ್ಷ್ಮಯ್ಯ ಬಂದು ನಕ್ಕರು.

"ಏನ್ ಮೇಸ್ತ್ರಿ, ಅಳಿಯನ್ನ ಎತ್ತಿನ ಹಂಗೆ ಕಟ್ಟಿಬಿಟ್ಟಿದ್ದೀಯ! ಕಂಬಕ್ಕೆ ಬಿಗಿದಿದೆಯಲ್ಲ, ಇನ್ಯಾಕೆ ಹಿಡ್ಕೊಂಡು ಕೂತಿದ್ದೀಯ? ಎದ್ದು ಬಾ, ಊಟ ಆರಿಹೋಗ್ತದೆ."

ವೆಂಕಟರಾಯಪ್ಪ ಸೂರಿನ ಕಡೆ ನೋಡುತ್ತಲೇ ಇದ್ದ.

"ಅವನು ಇಳೀಲಿ ಸ್ವಾಮಿ," ಅಂದ.